ಬಾಗಿಲಣ್ಣನ ಕೈ

ಬಾಗಿಲಣ್ಣನ ಮಣಿಕಟ್ಟಿನ ಗಾಯ ನೋಡಿದಾಗಲೆಲ್ಲ ಅಡುಗೆಯವಳಿಗೆ ಸಂಕಟವಾಗುತ್ತಿತ್ತು. ನಲವತ್ತರ ಗಂಡಸು, ಬುದ್ಧಿ ಆರರಲ್ಲೇ ನಿಂತಿತ್ತು. ತೆರೆದ ಬಾಗಿಲು ಕಂಡರೆ ಸಾಕು, ಬೀದಿಗೆ ಹೊರಟುಬಿಡುತ್ತಿದ್ದ. ಆಶ್ರಯಧಾಮದವರು ಅವನಿಗೆ ಆ ಹೆಸರಿಟ್ಟದ್ದೇ ಅದಕ್ಕೆ. ಹೆಸರಿಟ್ಟವರೇ ಬೆಳಗಿನಿಂದ ಸಂಜೆತನಕ ಹರಿದ ಬೆಡ್‌ಶೀಟಿನ ಪಟ್ಟಿಯಲ್ಲಿ ಅವನನ್ನು ಮಂಚಕ್ಕೆ ಕಟ್ಟಿಹಾಕುತ್ತಿದ್ದರು. ನಲವತ್ತು ಜನಕ್ಕೆ ಒಬ್ಬಳೇ ಆಯಾ, ಅವಳು ತಾನೇ ಏನು ಮಾಡಿಯಾಳು ಎಂದು ಎಲ್ಲರೂ ಸಮಾಧಾನ ಮಾಡಿಕೊಂಡಿದ್ದರು.

ಅಡುಗೆಯವಳಿಗೆ ಸಮಾಧಾನವಾಗಲಿಲ್ಲ. ಇಲಾಖೆಗೆ ಹೆಸರಿಲ್ಲದ ಅರ್ಜಿ ಬರೆದಳು. ಇಲಾಖೆಯವರು ಅದನ್ನು ಓದಿದ್ದೇ ಪುಣ್ಯ. ಆದರೆ ತನಿಖೆಯ ಅಧಿಕಾರಿ ಮಹಾ ಮರ್ಯಾದಸ್ಥ. ಮುಂದಿನ ವಾರ ಬರುತ್ತೇನೆಂದು ವಾರ್ಡನ್ನಮ್ಮನಿಗೆ ಮೊದಲೇ ಫೋನು ಮಾಡಿದ. ಅವತ್ತೇ ಬಾಗಿಲಣ್ಣನ ಕಟ್ಟು ಬಿಚ್ಚಿದರು, ಗಾಯಕ್ಕೆ ಮುಲಾಮು ಹಚ್ಚಿದರು, ಹೊರಬಾಗಿಲಿಗೆ ಬೀಗ ಜಡಿದರು. ಏಳು ದಿನದಲ್ಲಿ ಗಾಯ ಒಣಗಿ ಬರೀ ಕಲೆ ಉಳಿಯಿತು.

ಅಧಿಕಾರಿಗೆ ಅದೂ ಕಾಣದೆ ಹೋದೀತೆಂದು ಹೆದರಿ ಅಡುಗೆಯವಳು ಬಾಗಿಲಣ್ಣನಿಗೆ ಪಾಠ ಶುರುಮಾಡಿದಳು.

“ಸಾಹೇಬ್ರು ಬಂದ್ರೆ ಏನ್ ಮಾಡ್ಬೇಕು?”

“ಕೈ ತೋರಿಸ್ಬೇಕು. ಕಟ್ತಾರೆ ಅನ್ಬೇಕು.”

“ನನ್ನಪ್ಪ,” ಎಂದು ಅವಳು ಅವನ ತಟ್ಟೆಗೆ ಒಂದು ಸೌಟು ಹೆಚ್ಚಿಗೆ ಬಡಿಸುವಳು.

ಅಧಿಕಾರಿ ಬಂದ. ವಾರ್ಡನ್ನಮ್ಮನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತ. ಆಕೆಯ ಗುಟ್ಟನ್ನು ಆಕೆಯೆದುರೇ ಕೇಳಿ ತಿಳಿಯುವ ಜಾಣ. ಅಡುಗೆಯವಳು ಚಹಾ ಕೊಟ್ಟು ಬಾಗಿಲ ಹತ್ತಿರವೇ ನಿಂತಳು.

“ಹೇಗಿದ್ದೀಯಪ್ಪ?” ಎಂದ ಅಧಿಕಾರಿ, ಬಾಗಿಲಣ್ಣನನ್ನು ಕರೆಸಿ.

ಬಾಗಿಲಣ್ಣ ಅಂಗಿಯ ತೋಳು ಮೇಲೇರಿಸಿ ಎರಡೂ ಕೈ ಚಾಚಿದ. “ಕಟ್ತಾರೆ,” ಎಂದವನೇ ಬಾಗಿಲ ಕಡೆ ತಿರುಗಿ ನಕ್ಕ. “ಸರಿಯಾಗಿ ಹೇಳಿದ್ನಾ ಅಕ್ಕ? ಇವತ್ತು ಎರಡು ಸೌಟು ಹಾಕ್ಬೇಕು.”

ಅಧಿಕಾರಿಯ ಪೆನ್ನು ನಿಂತಿತು. ವಾರ್ಡನ್ನಮ್ಮ ಅವನ ಚಹಾದ ಲೋಟವನ್ನು ಹತ್ತಿರ ಸರಿಸಿದಳು.

“ಹೇಳಿಕೊಟ್ಟ ಮಾತನ್ನ ನಾನು ಹೇಗಮ್ಮ ಬರ್ಕೊಳ್ಳಲಿ?” ಎಂದು ಅಧಿಕಾರಿ ಅಡುಗೆಯವಳನ್ನು ಕೇಳಿದ.

“ಹೇಳಿಕೊಟ್ಟಿದ್ದು ನಿಜ ಸರ್. ಕಟ್ಟೋದೂ ನಿಜ. ಕಲೆ ನೋಡಿ.”

“ಕಲೆ ಯಾವುದರಿಂದ ಬೇಕಾದ್ರೂ ಆಗತ್ತೆ,” ಎಂದ ಅವನು ಚಹಾ ಮುಗಿಸಿ, ದೂರಿಗೆ ಆಧಾರವಿಲ್ಲ ಎಂದು ಬರೆದು ಎದ್ದ. ಅಡುಗೆಯವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಬಾಗಿಲಣ್ಣನೇ ಅವನದೇ ಮಾತಿನಲ್ಲಿ ಹೇಳುತ್ತಿದ್ದನೇನೋ.

ವಾರ್ಡನ್ನಮ್ಮ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. “ಅವನ ಮೇಲೆ ಇಷ್ಟು ಪ್ರೀತಿ ಇರೋರು ಎಲ್ಲಿ ಸಿಗ್ತಾರೆ?” ಎಂದಳು, ಬಹಳ ಮೆತ್ತಗೆ. “ನಾಳೆಯಿಂದ ಅಡುಗೆ ಜೊತೆಗೆ ಅವನನ್ನೂ ನೀವೇ ನೋಡ್ಕೊಳ್ಳಿ. ಕಟ್ಟೋದು ಬಿಡೋದು ನಿಮಗೆ ಬಿಟ್ಟಿದ್ದು.” ಹೊರಬಾಗಿಲ ಬೀಗವನ್ನೂ ತೆಗೆಸಿದಳು.

ಮರುದಿನ ಅವಳು ಅವನನ್ನು ಅಡುಗೆಮನೆಯಲ್ಲೇ ಕೂರಿಸಿಕೊಂಡಳು. ಹತ್ತು ಗಂಟೆಯೊಳಗೆ ಎರಡು ಸಲ ಬೀದಿಗೆ ಓಡಿದ. ಎರಡನೇ ಸಲ ಲಾರಿಯೊಂದು ಅವನ ಮೂಗಿನ ಮುಂದೆಯೇ ಬ್ರೇಕು ಹಾಕಿತು. ಡ್ರೈವರು ಬಾಯಿಗೆ ಬಂದಂತೆ ಬೈದ. ಬಾಗಿಲಣ್ಣನನ್ನು ಎಳೆದುಕೊಂಡು ಬರುವಷ್ಟರಲ್ಲಿ ಅನ್ನ ತಳ ಹಿಡಿದಿತ್ತು, ನಲವತ್ತು ಜನ ಹಸಿದು ಕೂತಿದ್ದರು.

ಆಯಾ ಏನೂ ಕೇಳದೆ ಬೆಡ್‌ಶೀಟಿನ ಪಟ್ಟಿ ತಂದುಕೊಟ್ಟಳು. ಅಡುಗೆಯವಳು ಅಳುತ್ತಲೇ ಕಟ್ಟಿದಳು. ಮೊದಲು ಸಡಿಲವಾಗಿ ಕಟ್ಟಿದ್ದಳು, ಅವನು ಬಿಚ್ಚಿಕೊಂಡ. ಆಮೇಲೆ ಬಿಗಿದಳು.

“ನೋಯತ್ತೆ ಅಕ್ಕ,” ಎಂದ.

“ಯಾರಿಗೂ ಹೇಳ್ಬೇಡ,” ಎಂದಳು.