ಆಚೆ ದಡದ ಮಾತು

ನಮ್ಮ ಸೋದರಮಾವ ವೃಷಭೇಂದ್ರಪ್ಪನಿಗೆ ತೆಲುಗು ಬರುತ್ತದೆ ಎಂದು ಕೊರಟಗೆರೆ ಪೇಟೆಯಲ್ಲೆಲ್ಲ ಹೆಸರಿತ್ತು. ಎಷ್ಟು ಬರುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಬೆಲ್ಲ, ಕಡಲೆಕಾಯಿ ವ್ಯಾಪಾರಕ್ಕೆ ಪಾವಗಡದ ಸಂತೆಗೆ ಹೋಗಿ ಬರುತ್ತಿದ್ದ, ಚೌಕಾಸಿಗೆ ಬೇಕಾದ ನಾಲ್ಕು ಮಾತು ಕಲಿತಿದ್ದ, ಅಷ್ಟೆ. ಆ ನಾಲ್ಕು ಮಾತಿನ ಮೇಲೆ ಅವನು ಕೊಚ್ಚಿಕೊಳ್ಳುತ್ತಿದ್ದುದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಪ್ಪ ತೀರಿಕೊಂಡ ಮೇಲೆ ನಮಗೆ ಮಾವನೇ ದಿಕ್ಕು. ಇಲ್ಲ ಅನ್ನುವುದಿಲ್ಲ. ಉಪ್ಪಿನಿಂದ ಹಿಡಿದು ಸೀರೆಯವರೆಗೆ ಅವನೇ ತಂದುಹಾಕಿದ. ನನಗೆ ಗಂಡು ಹುಡುಕಿದವನೂ ಅವನೇ. ಪಾವಗಡದ ಕಡೆಯವರು, ನಮ್ಮ ಲಿಂಗವಂತರೇ, ಹುಡುಗ ಅಲ್ಲಿನ ಸ್ಕೂಲಿನಲ್ಲಿ ಮೇಷ್ಟ್ರು, ಹೆಸರು ಶಂಕರಲಿಂಗಪ್ಪ. ಅಪ್ಪ ಅಮ್ಮ ಇಲ್ಲ, ಅಣ್ಣನದೇ ಯಜಮಾನಿಕೆ. ಆಗ ನಮ್ಮವ್ವ ಶಿವರುದ್ರಮ್ಮ ಹಾಸಿಗೆ ಹಿಡಿದಿದ್ದಳು. ಕಾಯಿಲೆಯವರಿರುವ ಮನೆಯಲ್ಲಿ ಹೆಣ್ಣು ತೋರಿಸುವುದು ಬೇಡವೆಂದು ಮಾವ ಒಂದು ಉಪಾಯ ಮಾಡಿದ. ಕಾರ್ತಿಕ ಸೋಮವಾರ ಹೇಗೂ ಜನ ಬುತ್ತಿ ಕಟ್ಟಿಕೊಂಡು ಜಯಮಂಗಲಿ ಹೊಳೆಯ ಅಕ್ಕಮ್ಮನ ಮಡುವಿಗೆ ವನಭೋಜನಕ್ಕೆ ಹೋಗುತ್ತಾರೆ. ನಾವೂ ಹೋಗುವುದು, ಅವರೂ ಬರುವುದು, ನೋಡಿದಂತೆಯೂ ಆಯಿತು, ಉಂಡಂತೆಯೂ ಆಯಿತು.

ಅಕ್ಕಮ್ಮನ ಮಡುವಿಗೆ ಆಗ ಹೊಸ ಕಳೆ ಬಂದಿತ್ತು. ಯಾರೋ ದೊಡ್ಡ ಅಧಿಕಾರಿ ಬರುತ್ತಾರೆಂದು ಅಮಲ್ದಾರರು ದಡದ ತೋಪಿಗೆ ಕಲ್ಲುಬೆಂಚು ಹಾಕಿಸಿ, ಕ್ರೋಟನ್ ಗಿಡ ನೆಡಿಸಿ, ಮಡುವಿಗೆ ಬೀಳುವ ಜಲಪಾತದ ಪಕ್ಕದಲ್ಲೇ ಗುಡ್ಡದ ತುದಿಗೆ ಹತ್ತಿಹೋಗುವ ಕಾಲುದಾರಿ ಕಡಿಸಿದ್ದರು. ಅಧಿಕಾರಿ ಬಂದರೋ ಇಲ್ಲವೋ, ಊರವರು ಮಾತ್ರ ತೋಪನ್ನು ಪಾರ್ಕು ಅನ್ನಲು ಶುರುಮಾಡಿದರು. ಆ ವರ್ಷ ಮಳೆ ಚೆನ್ನಾಗಿತ್ತು. ಬಂಡೆಯ ಮೇಲಿಂದ ನೀರು ಮೂರು ಕಡೆ ಹರಿದು ಬೀಳುತ್ತಿತ್ತು. ನಾಲ್ಕು ಮಾರು ಆಚೆ ನಿಂತವರ ಮಾತು ಕೇಳಿಸದಷ್ಟು ಸದ್ದು.

ಮಾವ, ಅವನ ಹೆಂಡತಿ ನಾಗರತ್ನಮ್ಮತ್ತೆ, ನಾನು ಗಾಡಿ ಕಟ್ಟಿಕೊಂಡು ಹೋದೆವು. ಗಂಡಿನ ಕಡೆಯ ಅಣ್ಣ ತಮ್ಮ ಇಬ್ಬರೂ ನಮಗಿಂತ ಮೊದಲೇ ಬಂದು ನೆಲ್ಲಿಮರದ ಕೆಳಗೆ ನಿಂತಿದ್ದರು. ಮಾವ ಗಾಡಿಯಿಂದ ಇಳಿಯುತ್ತಲೇ ತೆಲುಗಿನಲ್ಲಿ ಕ್ಷೇಮಸಮಾಚಾರ ಕೇಳಿದ. ಆ ಹುಡುಗ ನಕ್ಕು, ಕನ್ನಡದಲ್ಲೇ ಉತ್ತರ ಹೇಳಿ, ಅತ್ತೆಯ ಕಡೆ ತಿರುಗಿ, "ಹುಡುಗಿಯ ತಾಯಿಗೆ ಮೈ ಹೆಂಗಿದೆ? ಎದ್ದು ಕೂರ್ತಾರಾ?" ಎಂದ. ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತಾ, ಹಾಡು ಬರುತ್ತಾ ಎಂದು ಕೇಳುತ್ತಾರೆ. ಹಾಸಿಗೆಯಲ್ಲಿ ಮಲಗಿದ ಅವ್ವನನ್ನು ಅದಕ್ಕೆ ಮುಂಚೆ ನನ್ನನ್ನು ನೋಡಿಹೋದವರಲ್ಲಿ ಒಬ್ಬರೂ ವಿಚಾರಿಸಿರಲಿಲ್ಲ. ನಾನು ಅಲ್ಲೇ ಒಪ್ಪಿಬಿಟ್ಟೆ. ಅವನ ಮೂಗು ಮೊಂಡೋ ನೀಳವೋ ಎಂದು ಕೂಡ ನಾನು ಆಮೇಲೆ ನೋಡಿದ್ದು.

ಊಟಕ್ಕೆ ಮುಂಚೆ ಕಾಲುದಾರಿ ಹಿಡಿದು ಮೇಲೆ ಹತ್ತಿದೆವು. ನೀರು ಬೀಳುವ ಜಾಗದ ಪಕ್ಕ ಬಂಡೆಗೆ ಪಾಚಿ ಕಟ್ಟಿತ್ತು. ನಾನು ಸೆರಗು ಸರಿಮಾಡಿಕೊಳ್ಳುತ್ತಾ ಅದರ ಮೇಲೆ ಕಾಲಿಟ್ಟೆ. ಹಿಂದಿನಿಂದ ಅವನು ಗಾಬರಿಯಾಗಿ, "ಚೂಸುಕೋಂಡಿ, ಜಾರ್ತಾದಿ" ಎಂದುಬಿಟ್ಟ. ನೋಡಿಕೊಳ್ಳಿ, ಜಾರುತ್ತದೆ ಎಂದು. ತೆಲುಗು ಅವನ ಮನೆಮಾತು ನೋಡಿ, ಭಯದಲ್ಲಿ ಅದೇ ಬಾಯಿಗೆ ಬರುತ್ತದೆ.

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ ಮೇಷ್ಟ್ರೇ, ಕನ್ನಡ ಪಾಠ ಹೇಳೋರು ನೀವು. ಅವಸರ ಬಿದ್ರೆ ತೆಲುಗೇನಾ? ನಮ್ ಹುಡ್ಗಿ ಜಾರಿ ಬಿದ್ಮೇಲೆ ಅರ್ಥ ಹೇಳ್ತಿದ್ರೋ ಹೆಂಗೆ?" ಎಂದ. ನನಗೂ ನಗು ಬಂತು. ನಕ್ಕಿದ್ದು ತೆಲುಗಿಗಲ್ಲ, ಅವನ ಕಣ್ಣು ಅಷ್ಟು ದೊಡ್ಡದಾಗಿದ್ದಕ್ಕೆ. ಆದರೆ ಅದು ಅವನಿಗೆ ಹೇಗೆ ಗೊತ್ತಾಗಬೇಕು? ಕಿವಿಯವರೆಗೂ ಕೆಂಪಾದ. ಆಮೇಲೆ ಅವನು ಆಡಿದ್ದೆಲ್ಲ ಪುಸ್ತಕದ ಕನ್ನಡ. "ತಾವು ಕುಳಿತುಕೊಳ್ಳಿ", "ಚಿತ್ರಾನ್ನ ಇಷ್ಟು ಸಾಕು" ಎಂದು ಒಂದೊಂದು ಮಾತನ್ನೂ ತೂಗಿ ತೂಗಿ ಇಟ್ಟ. ಅತ್ತೆ ನನ್ನ ಪಕ್ಕೆ ತಿವಿದು, "ಮನೇಲೂ ಇಂಗೇ ಮಾತಾಡ್ತಾನೇನೆ ನಿನ್ ಮೇಷ್ಟ್ರು?" ಎಂದಳು. ನಿನ್ ಮೇಷ್ಟ್ರು ಎಂದದ್ದು ನನಗೆ ಹಿತವಾಯಿತು.

ಊಟವಾದ ಮೇಲೆ ನಾನು ಅತ್ತೆಗೆ ಒಂದೇ ಮಾತು ಹೇಳಿದೆ. ಅವ್ವ ಎದ್ದು ಓಡಾಡುವವರೆಗೆ ನಾನು ಮನೆ ಬಿಡುವುದಿಲ್ಲ. ವರ್ಷವೋ ಎರಡು ವರ್ಷವೋ, ಅವರು ತಡೆಯುವುದಾದರೆ ನನಗೆ ಈ ಸಂಬಂಧ ಒಪ್ಪಿಗೆ. ಅದನ್ನು ಅವನನ್ನೇ ಕೇಳಬೇಕು, ಅಣ್ಣನನ್ನಲ್ಲ.

ಅತ್ತೆ ಹೆದರುತ್ತಾ ಹೆದರುತ್ತಾ ಈ ಮಾತನ್ನು ಮಾವನ ಕಿವಿಗೆ ಹಾಕುವಷ್ಟರಲ್ಲಿ ಅಣ್ಣ ತಮ್ಮ ಇಬ್ಬರೂ ಹೊಳೆ ದಾಟಿಬಿಟ್ಟಿದ್ದರು. ಮಧುಗಿರಿ ಕಡೆಯ ಬಸ್ಸು ಬರುವ ರಸ್ತೆ ಆಚೆ ದಡದಲ್ಲಿತ್ತು. ಮೇಲೆಲ್ಲೋ ಮಳೆಯಾಗಿ ನೀರು ಏರುತ್ತಿತ್ತು, ದಾಟುಗಲ್ಲುಗಳು ಆಗಲೇ ಮುಳುಗಿದ್ದವು.

"ಹೆಣ್ಣಿನ ಕಡೇರು ಷರತ್ತು ಹಾಕೋದಾ? ಎಲ್ಲಾದ್ರೂ ಉಂಟಾ?" ಎಂದು ಮಾವ ಗೊಣಗಿದ. ನನ್ನ ಮುಖ ನೋಡಿ ಏನನ್ನಿಸಿತೋ, ಪಂಚೆ ಎತ್ತಿಕಟ್ಟಿ ನೀರಿನ ಅಂಚಿಗೆ ಹೋಗಿ ಕೂಗಿದ. "ಮೇಷ್ಟ್ರೇ, ಹುಡ್ಗಿ ತಾಯಿ ವಾಸಿಯಾಗೋಗಂಟ ಒಂದೆರಡು ವರ್ಸ ತಡೀಬೇಕಾಗ್ತದೆ. ನಿಮ್ ಕೈಲಿ ಆಯ್ತದಾ?"

ಅವನಿಗೆ ಕೇಳಿಸಲಿಲ್ಲ. ಮಾವ ಇನ್ನೊಮ್ಮೆ ಕೂಗಿದ. ಈ ಸಲ ಕೇಳಿಸಿತು. ಅವನು ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಜೋರಾಗಿ ಏನೋ ಹೇಳಿದ. ನೀರಿನ ಸದ್ದಿನಲ್ಲಿ ಒಂದೇ ಒಂದು ಮಾತು ನಮ್ಮ ದಡಕ್ಕೆ ಬಂದು ಬಿತ್ತು. ನನಗೂ ಕೇಳಿಸಿತು. "ಕಾದು."

ಆಮೇಲೆ ಅಂಗೈ ಎತ್ತಿ ತೋರಿಸಿದ. ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು, ಅಣ್ಣ ಅವನ ತೋಳು ಹಿಡಿದು ಎಳೆದುಕೊಂಡು ಹೋದ.

ಮಾವ ತಿರುಗಿ ಬಂದು ಪಂಚೆ ಇಳಿಸಿದ. "ಕಾದು ಅಂದ ಕಣಮ್ಮ" ಎಂದ.

"ಅಂಗಂದ್ರೆ?" ಎಂದಳು ಅತ್ತೆ.

"ತೆಲುಗಲ್ವಾ? ಆಗಾಕಿಲ್ಲ ಅಂತ. ಸಂತೇಲಿ ದಿನಾ ಕೇಳ್ತೀನಿ. ಈ ರೇಟಿಗೆ ಕೊಡ್ತೀಯಾ ಅಂದ್ರೆ ಕಾದು, ಕಾದು ಅಂತಾರೆ. ಅವಸರದಲ್ಲಿ ಬಾಯಿಗೆ ಬರೋದು ಅದೇ ಅಂತ ಬೆಳಿಗ್ಗೇನೇ ನೋಡ್ಲಿಲ್ವಾ?"

ನಾನು ನಾಚಿಕೆ ಬಿಟ್ಟು, "ಇನ್ನೊಂದ್ಸಲ ಕೇಳು ಮಾವ" ಎಂದೆ.

"ಕಾಲ್ ಹಿಡ್ಕಂಡು ಕೇಳ್ಬೇಕಾ ಈಗ? ನಂಗೆ ತೆಲುಗು ಬರಾಕಿಲ್ವಾ? ಗಾಡಿ ಹತ್ತು" ಎಂದ. ನಾನು ಗಾಡಿ ಹತ್ತಿದೆ.

ನಮ್ಮಲ್ಲಿ ಪದ್ಧತಿ ಒಂದಿದೆ. ಗಂಡಿನ ಕಡೆಯಿಂದ ಒಪ್ಪಿಗೆಯ ಮಾತು ಬಂದರೆ ಹೆಣ್ಣಿನವರು ವೀಳ್ಯ ಹಿಡಿದು ಅವರ ಮನೆಗೆ ಹೋಗಬೇಕು. ಮಾತು ಬಾರದಿದ್ದರೆ ಅತ್ತ ತಲೆ ಹಾಕಬಾರದು. ಹಾಗಾಗಿ ಮಾವ ಪಾವಗಡದ ಆ ಬೀದಿಯನ್ನೇ ಬಿಟ್ಟ. ಊರಲ್ಲಿ ಮಾತ್ರ ಕೇಳಿದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಹುಡುಗ ಕಾದು ಅಂದನಂತೆ, ಇವನಿಗೆ ತೆಲುಗು ಬಂದದ್ದಕ್ಕೆ ಮಾನ ಉಳಿಯಿತಂತೆ, ಬೇರೆಯವರಾಗಿದ್ದರೆ ವೀಳ್ಯ ಹಿಡಿದು ಹೋಗಿ ಅವಮಾನಪಟ್ಟುಕೊಂಡು ಬರುತ್ತಿದ್ದರಂತೆ.

ಅವ್ವ ಮುಂದಿನ ಯುಗಾದಿಯ ಹೊತ್ತಿಗೆ ಎದ್ದು ಓಡಾಡಿದಳು. ಅಷ್ಟೇ ದಿನದ ಮಾತಾಗಿತ್ತು ಅದು. ಬೇಡ ಅಂದದ್ದಕ್ಕಿಂತ ಹೆಚ್ಚಾಗಿ ನನಗೆ ಸಿಟ್ಟು ಬಂದದ್ದು, ಅವ್ವನ ಮೈ ಹೆಂಗಿದೆ ಎಂದು ಕೇಳಿದವನಿಗೇ ಅವ್ವನಿಗಾಗಿ ನಾಲ್ಕು ದಿನ ತಡೆಯಲಾಗಲಿಲ್ಲವಲ್ಲ ಎಂದು. ಬಾಯಿಮಾತಿನವನು, ಹಾಳಾಗಿ ಹೋಗಲಿ ಎಂದು ಬೈದೆ. ಬೈದು ಬೈದು ಅವನ ಮುಖ ಮರೆಯಲು ನೋಡಿದೆ. ಆಮೇಲೆ ಶಿರಾದ ಪೇಟೆಯ ಜವಳಿ ಅಂಗಡಿಯವರಿಗೆ ನನ್ನನ್ನು ಕೊಟ್ಟರು. ನಮ್ಮ ಯಜಮಾನರು ಕೆಟ್ಟವರಲ್ಲ. ಎರಡು ಹೊತ್ತು ಉಣ್ಣುತ್ತಾರೆ, ಅಂಗಡಿಗೆ ಹೋಗುತ್ತಾರೆ, ಬರುತ್ತಾರೆ. ಅವ್ವ ಬಂದು ಎಂಟು ದಿನ ಇದ್ದು ಹೋದರೂ ಯಾವಾಗ ಬಂದಿರಿ ಎಂದು ಕೇಳಿದವರಲ್ಲ. ಅದೊಂದು ತಪ್ಪೇ? ಅಲ್ಲ. ಗಂಡಸರು ಇರುವುದೇ ಹಾಗೆ ಎಂದು ನಾನು ನಂಬಿಕೊಂಡಿದ್ದೆ, ನಂಬಿಕೊಂಡು ಬಾಳುತ್ತಿದ್ದೆ.

ಯುದ್ಧದ ಕಾಲದಲ್ಲಿ, ಬಸ್ಸುಗಳೆಲ್ಲ ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದಾಗ, ಒಂದು ಕಾರ್ತಿಕಕ್ಕೆ ತವರಿಗೆ ಬಂದಿದ್ದೆ. ನಾಗರತ್ನಮ್ಮತ್ತೆ ಆಗ ತೀರಿಕೊಂಡಿದ್ದಳು. ಮಾವ ಮಂಕಾಗಿದ್ದಾನೆ, ಒಂದು ದಿನ ಮಡುವಿಗೆ ಕರೆದುಕೊಂಡು ಹೋಗಿ ಬರೋಣ ಎಂದಳು ಅವ್ವ. ನನಗೆ ಮನಸ್ಸಿರಲಿಲ್ಲ, ಆದರೂ ಹೋದೆ. ಕ್ರೋಟನ್ ಗಿಡಗಳನ್ನು ಆಡು ಮೇಯ್ದಿದ್ದವು. ಆ ವರ್ಷ ಮಳೆ ಕಡಿಮೆ. ನೀರು ಬಂಡೆಯ ಒಂದೇ ಮಗ್ಗುಲಲ್ಲಿ ಸದ್ದಿಲ್ಲದೆ ಇಳಿಯುತ್ತಿತ್ತು. ಮಾವ ಲಿಂಗಪೂಜೆ ಮಾಡದೆ ಬಾಯಿಗೆ ಏನೂ ಹಾಕುವವನಲ್ಲ. ಸ್ನಾನಕ್ಕೂ ಪೂಜೆಗೂ ಎಂದು ಮಡುವಿನ ಮೇಲುಗಡೆಗೆ ಹೋದ. ನಾವು ಬುತ್ತಿ ಬಿಚ್ಚುತ್ತಾ ಕೂತೆವು.

ಕಾಲುದಾರಿಯಿಂದ ಒಂದು ಸಂಸಾರ ಇಳಿದು ಬಂತು. ಗಂಡ, ಹೆಂಡತಿ, ಎತ್ತಿಕೊಂಡ ಒಂದು ಕೂಸು. ಗಂಡ ನನ್ನನ್ನು ನೋಡಿ ನಿಂತುಬಿಟ್ಟ. ಆಮೇಲೆ ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ ಅವ್ವನ ಮುಂದೆ ಬಂದು ಕೈಮುಗಿದ. "ನೀವು ದಾಕ್ಷಾಯಣಮ್ಮನವರ ತಾಯಿ ಅಲ್ವಾ? ಮೈ ಚೆನ್ನಾಗಿದೆಯಾ ಅಮ್ಮ? ನಾನು ಪಾವಗಡದ ಶಂಕರಲಿಂಗಪ್ಪ."

ಅವ್ವನಿಗೆ ಮಾತು ನುಂಗಿ ಅಭ್ಯಾಸವಿಲ್ಲ. "ನಿಮ್ಮನ್ನ ನೋಡಿದ್ದಿಲ್ಲ, ಕೇಳಿ ಬಲ್ಲೆ. ಬ್ಯಾಡ ಅಂದ್ಬುಟ್ಟು ಹೋದೋರಿಗೆ ಈಗ ನನ್ ಮೈ ಯೋಚ್ನೆ ಯಾಕಪ್ಪ?" ಎಂದಳು.

"ಬೇಡ ಅಂದ್ನಾ? ಯಾರಮ್ಮ, ನಾನಾ?"

"ತಡೀತೀರಾ ಅಂದಿದ್ದಕ್ಕೆ ಕಾದು ಅಂದ್ರಂತಲ್ಲ. ಆಗಾಕಿಲ್ಲ ಅಂತ."

ಅವನು ಅವ್ವನನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದ. ತುಂಬ ಮೆಲ್ಲಗೆ ಹೇಳಿದ. "ಅಮ್ಮ, ನಾನು ಹೇಳಿದ್ದು ಕನ್ನಡ. ಕಾದು ಮಾಡ್ಕೊಳ್ತೀನಿ ಅಂತ ಕೂಗಿದೆ. ಎರಡು ವರ್ಷವಲ್ಲ, ಎಷ್ಟಾದ್ರೂ ಸರಿ, ಕಾದು ಇವರನ್ನೇ ಮಾಡ್ಕೊಳ್ತೀನಿ ಅಂತ. ಆವತ್ತು ತೆಲುಗು ಬಾಯಿಗೆ ಬಂದು ಎಲ್ಲರೂ ನಕ್ಕಿದ್ರಲ್ಲ, ಇನ್ನು ನಿಮ್ಮವರ ಮುಂದೆ ಒಂದು ತೆಲುಗು ಮಾತೂ ಆಡಬಾರದು ಅಂತ ಹಟ ಹಿಡಿದಿದ್ದೆ."

ನನ್ನ ಕೈಯಲ್ಲಿ ಮುತ್ತುಗದ ಎಲೆ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಿಮ್ಮ ಕಡೆಯಿಂದ ವೀಳ್ಯ ಬರುತ್ತೆ ಅಂತ ಕಾದೆ" ಎಂದ ಅವನು. "ನಾನೇ ಹೋಗಿ ಕೇಳ್ತೀನಿ ಅಂದ್ರೆ ಅಣ್ಣ ಬಿಡಲಿಲ್ಲ. ಮೂರು ವರ್ಷ ಆದಮೇಲೆ ಶಿರಾಕ್ಕೆ ಮದುವೆಯಾಗಿದೆ ಅಂತ ಗೊತ್ತಾಯ್ತು. ತೆಲುಗಿನವನು ಅಂತ ನಕ್ಕರಲ್ಲ, ಅದಕ್ಕೇ ಇವರಿಗೆ ನಾನು ಬೇಡವಾದೆ ಅಂದ್ಕೊಂಡೆ."

ನಾನು ಅವನೊಡನೆ ಅದುವರೆಗೆ ಒಂದು ಮಾತೂ ಆಡಿದವಳಲ್ಲ. "ನಾನ್ ಅದಕ್ಕೆ ನಕ್ಕಿದ್ದಲ್ಲ" ಎಂದೆ. ಇನ್ನೂ ಹೇಳುವುದಿತ್ತು, ಬೆಟ್ಟದಷ್ಟು ಇತ್ತು. ಕೂಸು ಅಳುತ್ತಿತ್ತು, ಅವನ ಹೆಂಡತಿ ತೆಲುಗಿನಲ್ಲಿ ಕರೆದಳು. ಅವನು ಇನ್ನೊಮ್ಮೆ ಕೈಮುಗಿದು ಹೋದ. ಹೆಂಡತಿಯ ಕೈಯಿಂದ ಕೂಸನ್ನು ತಾನು ಎತ್ತಿಕೊಂಡು ದಾಟುಗಲ್ಲಿನ ಮೇಲೆ ಅವಳ ಕೈ ಹಿಡಿದು ದಾಟಿಸಿದ. ನಾನು ನೋಡಿದೆ. ನೋಡದೆ ಇರಬೇಕಿತ್ತು.

ಮಾವ ವಿಭೂತಿ ಹಚ್ಚಿಕೊಂಡು ಬಂದು ಕೂತ. ನಾನು ತಡೆದುಕೊಳ್ಳಲಿಲ್ಲ. ಅವನಿಗೆ ವಯಸ್ಸಾಗಿದೆ, ಹೆಂಡತಿ ಸತ್ತಿದ್ದಾಳೆ ಎಂಬುದೂ ನನಗೆ ಅಡ್ಡ ಬರಲಿಲ್ಲ. "ಕನ್ನಡದಲ್ಲಿ ಕಾದು ಅಂದ್ರೆ ಏನು ಮಾವ? ತೆಲುಗು ಬುಡು. ಹುಟ್ಟಿದಾಗಿಂದ ಆಡ್ತಿರೋ ಕನ್ನಡದಲ್ಲಿ ಏನು? ನೀನು ತಿಳ್ಕೊಂಡೋನು ಅಂತ ಜಂಬ ಪಟ್ಕಂಡಿದ್ದಕ್ಕೆ ನನ್ ಜೀವಮಾನ ಹೋಯ್ತಲ್ಲ" ಎಂದು, ನಡೆದದ್ದನ್ನೆಲ್ಲ ಹೇಳಿ, ಬಾಯಿಗೆ ಬಂದಂತೆ ಬೈದೆ. ಅವ್ವ ಬೇಡ ಅನ್ನಲಿಲ್ಲ.

ಮಾವ ವಾದಿಸುತ್ತಾನೆ ಅಂದುಕೊಂಡಿದ್ದೆ. ವಾದಿಸಿದ್ದರೆ ಚೆನ್ನಾಗಿತ್ತು. ಅವನು ಖಾಲಿ ಎಲೆಯನ್ನೇ ನೋಡುತ್ತಾ ಕೂತಿದ್ದ. "ಗಾಡಿ ಹತ್ತಿದ್ಮೇಲೆ ನಂಗೆ ಅನುಮಾನ ಬಂತು ಮಗಾ" ಎಂದ. "ಕನ್ನಡದ್ ಕಾದು ಇದ್ರೂ ಇರಬೈದು ಅನ್ನುಸ್ತು. ದಾರೀ ಉದ್ದಕ್ಕೂ ಅನ್ನುಸ್ತು. ಒಂದ್ಸಲ ಪಾವಗಡದಲ್ಲಿ ಅವನ ಬೀದಿ ತಿರುವಿನಗಂಟ ಹೋಗಿದ್ದೆ ಕೇಳಾನ ಅಂತ. ಆಗ್ಲೇ ಎಲ್ರ ಹತ್ರಾನೂ ಹೇಳ್ಕಂಡ್ಬುಟ್ಟಿದ್ನಲ್ಲ, ನಂಗೆ ತೆಲುಗು ಗೊತ್ತು ಅಂತ. ನಗ್ತಾರೆ ಅಂತ ವಾಪಸ್ ಬಂದ್ಬುಟ್ಟೆ."

ಅವ್ವ ಎದ್ದು ನೀರಿನ ಕಡೆಗೆ ಹೋದಳು. ತಿಳಿಯದೆ ಆದದ್ದಕ್ಕೇ ಒಂದು ಗಳಿಗೆಯ ಹಿಂದೆ ನನಗೆ ಅಷ್ಟು ಸಿಟ್ಟಿತ್ತು. ಅನುಮಾನ ಬಂದ ಮೇಲೂ ಸುಮ್ಮನಿದ್ದುದಕ್ಕೆ ಎಷ್ಟು ಸಿಟ್ಟು ಬರಬೇಕೋ ಅದು ಬರಲೇ ಇಲ್ಲ. ಬೀದಿಯ ತಿರುವಿನಿಂದ ಆ ಮನೆಯ ಬಾಗಿಲು ಎಷ್ಟು ದೂರವಿತ್ತೋ ನಾನು ಕೇಳಲಿಲ್ಲ. ಮಾವನಿಗೆ ಬೆಳಗಿನಿಂದ ಹೊಟ್ಟೆ ಖಾಲಿ. ಅವನ ಎಲೆಗೆ ಬಡಿಸಿದೆ. ಅವನು ಒಂದು ತುತ್ತು ಕಲೆಸಿ ಕೈಯಲ್ಲಿ ಹಿಡಿದುಕೊಂಡು, ನಾನು ಉಣ್ಣು ಅನ್ನಲೆಂದು ಕೂತಿದ್ದ. ನಾನು ಅನ್ನಲಿಲ್ಲ.