ಮುಚ್ಚಳ ಬಿಗಿದ ಜಾಡಿ

ಬಾಟಲಿಯನ್ನು ಮುಅತ್ತರ್ ಮೂಗಿನ ಹತ್ತಿರ ತಂದಳು. ಹೊರಗೆ ವೋಡ್ಕಾದ ಚೀಟಿ, ಒಳಗೆ ಅದೇ ಘಾಟು. ಗಂಡ ಚೂರಿ ಮಾಡುವ ಕಮ್ಮಟದಲ್ಲಿ, ಉಜ್ಜುವ ಚಿಂದಿಗಳ ಹಿಂದೆ ಅದು ಅಡಗಿ ಕೂತಿತ್ತು.

ಗಂಡ ಹೋಶಿಮ್ ಕುಡಿತ ಬಿಟ್ಟು ಹನ್ನೊಂದು ತಿಂಗಳಾಗಿತ್ತು. ರೊಟ್ಟಿಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದ. ಆದರೂ ಅವನು ನಿದ್ದೆ ಹೋದ ಮೇಲೆ ಅವನ ಉಸಿರನ್ನು ಮೂಸಿ ನೋಡದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕೆಮ್ಮಿದರೆ ಅನುಮಾನ, ನಕ್ಕರೆ ಇನ್ನೂ ಅನುಮಾನ.

ಶುಕ್ರವಾರ ಮಧ್ಯಾಹ್ನ. ಚುಸ್ತ್ ಊರಿನ ಚೂರಿಗಾರರೆಲ್ಲ ನಮಾಜಿಗೆ ಹೋಗಿದ್ದರು. ಅಂಗಳದಲ್ಲಿ ಸುರಿದರೆ ಪಕ್ಕದ ಮನೆಯವರಿಗೆ ವಾಸನೆ ಬಡಿಯುತ್ತದೆ. ಮೂಲೆಯಲ್ಲಿ ಒಂದು ಗಾಜಿನ ಜಾಡಿ, ಅರ್ಧದಷ್ಟು ಕಂದು ನೀರು. ಕೊಳಕು ನೀರೆಂದುಕೊಂಡು ಬಾಟಲಿಯನ್ನು ಅದರೊಳಗೆ ಬಗ್ಗಿಸಿದಳು; ವಾಸನೆ ಬರಬಾರದೆಂದು ಮುಚ್ಚಳ ಬಿಗಿದಳು. ಖಾಲಿ ಬಾಟಲಿಗೆ ನಲ್ಲಿ ನೀರು ತುಂಬಿ, ಇದ್ದಲ್ಲೇ ಇಟ್ಟಳು. ಗುಟುಕರಿಸಿದಾಗ ಅವನ ಮುಖ ಏನಾಗುತ್ತದೋ ನೋಡೋಣ!

ಅವಳು ಅಡುಗೆಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದಾಗ ನಮಾಜು ಮುಗಿಸಿ ಮೊದಲು ಬಂದವನು ಎರ್ಗಶ್, ಗಂಡನ ಪಾಲುದಾರ. ಅವನು ಕಮ್ಮಟದ ಬಾಗಿಲು ತೆಗೆದ ಸದ್ದಾಯಿತು. ಹಿಂದೆಯೇ ಢಮ್ಮೆಂದಿತು.

ಅವಳು ಓಡಿ ಬಂದಾಗ ಕಿಟಕಿಯಿಂದ ಕೆಂಗಂದು ಹೊಗೆ ಉಕ್ಕುತ್ತಿತ್ತು. ಎರ್ಗಶ್ ಕೆಮ್ಮುತ್ತ, ಕೈ ಕೊಡವುತ್ತ ಹೊರಬಿದ್ದ.

"ಒಳಗೆ ಹೋಗಬೇಡಿ ತಂಗೀ! ನೀರು, ನೀರು!"

ಅವಳು ನಲ್ಲಿ ತಿರುಗಿಸಿ ಅವನ ತೋಳನ್ನು ಅದರಡಿ ಹಿಡಿದಳು. ಚರ್ಮ ಹಳದಿಯಾಗಿತ್ತು. ಅಷ್ಟರಲ್ಲಿ ಹೋಶಿಮ್ ಓಡಿ ಬಂದ. ಆಸ್ಪತ್ರೆಗೆ ಒಯ್ದರು. ಆ ಹೊಗೆ ಎದೆಗೆ ತಡವಾಗಿ ತೊಂದರೆ ಕೊಡುತ್ತದೆಂದು ಡಾಕ್ಟರು ಎರಡು ದಿನ ಅಲ್ಲೇ ಇರಿಸಿಕೊಂಡರು.

ಭಾನುವಾರ ಎರ್ಗಶ್ ಕೈಗೆ ಪಟ್ಟಿ ಕಟ್ಟಿಕೊಂಡು ಬಂದಾಗ ಹೋಶಿಮ್ ಅಂಗಳದಲ್ಲಿ ಅದೇ ಬಾಟಲಿ ಹಿಡಿದು ನಿಂತಿದ್ದ.

"ಇದರಲ್ಲಿ ಅಲಗು ಒರೆಸೋ ಸ್ಪಿರಿಟ್ ಇತ್ತು. ಈಗ ನೀರಿದೆ. ಏನಯ್ಯಾ ಇದು?"

"ನಂಗೇನು ಗೊತ್ತು?"

"ಅಲಗಿಗೆ ಚಿತ್ತಾರ ಬಿಡಿಸಿದ ಹಳೇ ಆಸಿಡ್ಡು ಆ ಜಾಡೀಲಿತ್ತು. ಸ್ಪಿರಿಟ್ ಬಿದ್ರೆ ಕುದ್ದು ಸಿಡಿಯತ್ತೆ ಅಂತ ಈ ಮನೇಲಿ ನಮ್ಮಿಬ್ಬರಿಗೆ ಬಿಟ್ರೆ ಯಾರಿಗೆ ಗೊತ್ತು? ಒಳಗಿದ್ದವನೂ ನೀನೇ. ಬೇರೆ ಅಂಗಡಿ ಹಾಕ್ತೀಯಂತೆ, ಬಜಾರೆಲ್ಲ ಮಾತಾಡ್ತಿದೆ. ಹೋಗೋ ಮುಂಚೆ ನನ್ನ ಕಮ್ಮಟ ಸುಡ್ಬೇಕಿತ್ತಾ?"

"ನನ್ನ ಕೈ ನಾನೇ ಸುಟ್ಕೊಂಡ್ನಾ? ತಲೆ ನೆಟ್ಟಗಿದೆಯೇನೋ ನಿಂಗೆ?"

"ಎಡವಟ್ಟಾಗಿ ಸಿಕ್ಕಿಬಿದ್ದೆ, ಅಷ್ಟೇ."

ಇಪ್ಪತ್ತು ವರ್ಷ ಒಂದೇ ಕುಲುಮೆಯ ಬಿಸಿ ಕಾಸಿಕೊಂಡವರು. ಎರ್ಗಶ್ ತಿರುಗಿ ನಡೆದ. ಒಳಗೆ ಹೋಗಿ ಒಂದೇ ಕೈಯಲ್ಲಿ ತನ್ನ ಸುತ್ತಿಗೆ, ಅರಗಳನ್ನು ಚೀಲಕ್ಕೆ ಹಾಕತೊಡಗಿದ. ಒಂದು ಅರ ಜಾರಿ ಬಿತ್ತು. ಹಿಂದೆಯೇ ಬಂದಿದ್ದ ಹೋಶಿಮ್ ಎತ್ತಿಕೊಡಲು ಬಾಗಲಿಲ್ಲ.

ಕಮ್ಮಟದ ಬಾಗಿಲಲ್ಲಿ ನಿಂತು ಮುಅತ್ತರ್ ಎಲ್ಲ ನೋಡುತ್ತಿದ್ದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ.

"ಸುರಿದವಳು ನಾನು," ಎಂದಳು.

ಇಬ್ಬರೂ ತಿರುಗಿದರು.

"ವೋಡ್ಕಾ ಅಂದ್ಕೊಂಡೆ. ಮತ್ತೆ ಶುರು ಮಾಡಿದ್ರಿ ಅಂದ್ಕೊಂಡೆ. ಜಾಡೀಲಿರೋದು ಕೊಳೆ ನೀರು ಅಂತ... ನೀರು ತುಂಬಿಸಿಟ್ಟಿದ್ದೂ ನಾನೇ. ಎರ್ಗಶ್ ಅಣ್ಣ, ನನ್ನ ಕ್ಷಮಿಸಿ."

ಹೋಶಿಮ್ ಬಾಟಲಿಯ ಕಡೆ ನೋಡಿದ. ಆಮೇಲೆ ಅವಳ ಕಡೆ.

"ಹನ್ನೊಂದು ತಿಂಗಳಿಂದ ಹೀಗೇ ಹುಡುಕ್ತಿದ್ಯಾ?"

"ಹೂಂ."

"ರಾತ್ರಿ ನೀನು ನನ್ನ ಮುಖದ ಹತ್ರ ಬಗ್ತಿದ್ದೆ. ನಾನು ಎಚ್ಚರಾನೇ ಇರ್ತಿದ್ದೆ. ಪ್ರೀತಿ ಅಂದ್ಕೊಂಡಿದ್ದೆ ಕಣೇ."

ಎರ್ಗಶ್ ಕೆಮ್ಮಿದ. "ನೀನು ನನ್ನ ಅನುಮಾನಿಸಿದೆ, ಅವರು ನಿನ್ನ. ಚಹಾನಾದ್ರೂ ಕೊಡ್ತೀರೋ, ಅದರಲ್ಲೂ ಏನಾದ್ರೂ ಬೆರೆಸಿದೀರೋ?" ಎಂದ. ಯಾರೂ ನಗಲಿಲ್ಲ. ಆದರೆ ಅವನು ಚೀಲವನ್ನು ಕೆಳಗಿಟ್ಟ.

ಅವಳು ಚಹಾ ಮಾಡಿ ತರುವ ಹೊತ್ತಿಗೆ ಹೋಶಿಮ್ ಬಜಾರಿಗೆ ಹೋಗಿ ಬಂದಿದ್ದ. ಕಮ್ಮಟದ ಬಾಗಿಲಿಗೆ ಹೊಸ ಬೀಗ ತೂಗುತ್ತಿತ್ತು. ಅದರ ಎರಡು ಕೀಲಿಗಳಲ್ಲಿ ಒಂದನ್ನು ಅವನು ಜೇಬಿಗೆ ಹಾಕಿಕೊಂಡ; ಇನ್ನೊಂದನ್ನು ಎರ್ಗಶ್‌ನ ಪಟ್ಟಿ ಕಟ್ಟದ ಕೈಗೆ ಕೊಟ್ಟ. ನಂತರ ಮುಅತ್ತರಳ ಕೈಯಿಂದ ಬಟ್ಟಲು ತೆಗೆದುಕೊಂಡು, ಅವಳ ಮುಖ ನೋಡದೆ, ಬಿಸಿ ಚಹಾವನ್ನು ಊದತೊಡಗಿದ.