ಉಡದಾರಕ್ಕೆ ಹಾಕಿದ ಗಂಟು

ಹಡಗಿನ ಅಂಚಿಗೆ ಹಾಕಿದ ಕಬ್ಬಿಣದ ಸರಳುಗಳ ಸಂದಿಯಲ್ಲಿ ಎರಡು ವರ್ಷದ ಕೂಸು ಸಲೀಸಾಗಿ ತೂರಿಹೋಗುತ್ತದೆ. ಮುಂಬಯಿಯ ಧಕ್ಕೆಯಲ್ಲಿ ಹಡಗು ಹತ್ತಿ ಗಂಟುಮೂಟೆ ಇಳಿಸುವ ಮೊದಲೇ ಗವಿಸಿದ್ದಪ್ಪ ಇದನ್ನು ಕಂಡ. ಗೇಣು ಹಾಕಿ ಸಂದಿ ಅಳೆದ. ಅಕ್ಕನ ಮಗ ಶಿವನಪ್ಪನ ತಲೆ ಅಳೆದ. ತಲೆಯೇ ಚಿಕ್ಕದು. ಸರಳಿನ ಆಚೆ ಹಿಡಿದುಕೊಳ್ಳುವುದಕ್ಕೆ ಏನೂ ಇಲ್ಲ, ಕೆಳಗೆ ಕರ್ರನೆಯ ನೀರು.

"ಮಾವಾರ, ಇಲ್ಲಿ ನೋಡ್ರಿ. ಹುಡುಗ ಹೊಕ್ಕರ ಸೀದಾ ಕೆಳಗ."

ಅಕ್ಕ ಸಕ್ರವ್ವನ ಗಂಡ ಅರ್ಜುನಪ್ಪ ತಿರುಗಿ ನೋಡಲಿಲ್ಲ. ರೋಣದ ಪೇಟೆಯಲ್ಲಿ ಹತ್ತಿಯ ದಲಾಲಿ ಮಾಡುವ ಮನುಷ್ಯ. ಬೇಸಿಗೆಯಲ್ಲಿ ಹೆಂಡತಿ ಮಕ್ಕಳಿಗೆ ಮುಂಬಯಿ ತೋರಿಸಿದ್ದ. ಬಂದ ಹಾಗೆ ರೈಲಿನಲ್ಲಿ ಮರಳದೆ ವೆಂಗುರ್ಲೆಯತನಕ ಹಡಗಿನಲ್ಲಿ, ಅಲ್ಲಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೋಗುವ ಹುಕಿ ಅವನದು. ಪೇಟೆಯಲ್ಲಿ ಹೇಳಿಕೊಳ್ಳಲು ಒಂದು ಮಾತು ಬೇಕಲ್ಲ. ಮಕ್ಕಳನ್ನು ಹೊರಲು ಮುಶಿಗೇರಿಯಿಂದ ಹೆಂಡತಿಯ ತಮ್ಮನನ್ನು ಕರೆತಂದಿದ್ದ.

"ಹುಡುಗ ಯಾಕ ಹೊಗತಾನಲೇ? ನೀ ಅದೀಯಲ್ಲ," ಎಂದ. "ಪುಗಸಟ್ಟೆ ಹಡಗ ತೋರಸಾಕತ್ತೇನಿ. ಅಷ್ಟರ ಮಾಡು."

ಗವಿಸಿದ್ದಪ್ಪ ತಲೆಯೆತ್ತಿ ಮೇಲಿನ ಅಂತಸ್ತು ನೋಡಿದ. ಅಲ್ಲಿ ಬೆತ್ತದ ಕುರ್ಚಿಗಳಿದ್ದವು, ಬಿಳಿ ಬಟ್ಟೆಯ ಮಕ್ಕಳಿದ್ದವು, ಮಕ್ಕಳ ಹಿಂದೆ ಒಬ್ಬ ಆಯಾ ಇದ್ದಳು. ಅಲ್ಲಿನ ಸರಳುಗಳಿಗೆ ಈ ತುದಿಯಿಂದ ಆ ತುದಿಯವರೆಗೆ ಬಲೆ ಬಿಗಿದಿತ್ತು. ಬಲೆ ಹೆಣೆಯಲು ಎಷ್ಟು ನೂಲು ಬೇಕು? ಒಂದು ಮಾಳಿಗೆಗೆ ಕಟ್ಟಿದವರಿಗೆ ಎರಡನೆಯದಕ್ಕೆ ಕೈ ನೊಂದವೇ? ಚಾಪೆ ಹಾಸಿ ಕುಳಿತವರ ಕೂಸು ಸಮುದ್ರಕ್ಕೆ ಬಿದ್ದರೆ ಅದು ಕೂಸಲ್ಲವೇ? ಕೇಳಬೇಕೆಂದರೆ ಯಾರನ್ನು ಕೇಳುವುದು? ಟೋಪಿ ಹಾಕಿದ ಹಡಗಿನ ಅಧಿಕಾರಿಗಳೆಲ್ಲ ಮೇಲೆಯೇ ಇದ್ದರು.

ಹಡಗು ಬಿಟ್ಟ ಸ್ವಲ್ಪ ಹೊತ್ತಿಗೇ ಸಕ್ರವ್ವ ವಾಂತಿ ಮಾಡಿಕೊಂಡು ಚಾಪೆ ಹಿಡಿದಳು. ಅರ್ಜುನಪ್ಪ ಇಸ್ಪೀಟು ಆಡುವವರ ನಡುವೆ ಸೇರಿದ. ಎರಡೂ ಮಕ್ಕಳು ಗವಿಸಿದ್ದಪ್ಪನ ಪಾಲಿಗೆ ಬಿದ್ದವು. ಹಡಗಿನ ತುಂಬ ಗಂಡಾಂತರಗಳೇ. ಬಾಗಿಲಿಗೆಲ್ಲ ಮೊಣಕಾಲೆತ್ತರದ ಕಬ್ಬಿಣದ ಹೊಸ್ತಿಲು. ನೆಟ್ಟಗೆ ನಿಂತ ಏಣಿಯಂಥ ಮೆಟ್ಟಿಲು. ಇಂಜಿನಿನ ಕೋಣೆಯ ಪಕ್ಕದಲ್ಲಿ ಕಾದ ಕೊಳವೆ. ನಾಲ್ಕು ವರ್ಷದ ಹುಚ್ಚವ್ವ ಆ ಕೊಳವೆ ಮುಟ್ಟಿ ಕಿಟಾರನೆ ಕಿರುಚಿದಳು. ಅವಳ ಬೆರಳು ಹಿಡಿದು ಊದುವಷ್ಟರಲ್ಲಿ ಶಿವನಪ್ಪ ಕಾಣೆ. ಗವಿಸಿದ್ದಪ್ಪ ಮಲಗಿದವರನ್ನು ತುಳಿದುಕೊಂಡು, ಬೈಗುಳ ತಿಂದುಕೊಂಡು ಓಡಿದ. ಕೂಸು ಸರಳಿನ ಹತ್ತಿರ ಬೋರಲು ಮಲಗಿ, ಒಂದು ಕೈ ಹೊರಗೆ ಚಾಚಿ, ನೊರೆ ಹಿಡಿಯಲು ನೋಡುತ್ತಿತ್ತು.

ಕಾಲು ಹಿಡಿದು ಎಳೆದುಕೊಂಡ.

ಆಮೇಲೆ ಹಾಸಿಗೆಯ ಸುರುಳಿಗೆ ಕಟ್ಟಿದ್ದ ಪುಂಡಿನಾರಿನ ಹಗ್ಗ ಬಿಚ್ಚಿದ. ಮುಶಿಗೇರಿಯ ಎರೆಹೊಲಗಳಲ್ಲಿ ಹೆಂಗಸರು ಕಸ ತೆಗೆಯುವಾಗ ಕೂಸುಗಳನ್ನು ಹಾಗೆಯೇ ಬಿಡುವುದಿಲ್ಲ. ಹೊಲದಲ್ಲಿ ಬಾವಿಯಿರುತ್ತದೆ, ಹಾವಿರುತ್ತದೆ. ಕೂಸಿನ ಉಡದಾರಕ್ಕೆ ಹಗ್ಗ ಹಾಕಿ ಬದುವಿನ ಬೇವಿನ ಗಿಡಕ್ಕೆ ಕಟ್ಟುತ್ತಾರೆ. ಗವಿಸಿದ್ದಪ್ಪನೂ ಹಾಗೆ ಕಟ್ಟಿಸಿಕೊಂಡೇ ಬೆಳೆದವನು. ಶಿವನಪ್ಪನ ಉಡದಾರ ಅಜ್ಜಿ ಹೊಸೆದದ್ದು, ಕರಿ ನೂಲಿನದು, ಬಲು ಗಟ್ಟಿ. ಹಳತಾದರೂ ಅದನ್ನು ಯಾರೂ ಹರಿಯುವುದಿಲ್ಲ. ಹೊಸದು ಕಟ್ಟಿದ ಮೇಲೆಯೇ ಹಳೆಯದನ್ನು ಬಿಚ್ಚುತ್ತಾರೆ. ಉಡದಾರ ಹರಿಯುವುದು ಹೆಣದ್ದು. ಹಗ್ಗದ ಒಂದು ತುದಿಯನ್ನು ಗವಿಸಿದ್ದಪ್ಪ ಆ ಉಡದಾರಕ್ಕೆ ಗಂಟು ಹಾಕಿದ, ಇನ್ನೊಂದನ್ನು ತನ್ನ ಸೊಂಟಕ್ಕೆ ಸುತ್ತಿ ಕಟ್ಟಿದ. ಹುಚ್ಚವ್ವನ ಕೈಯನ್ನು ಎಡಗೈಯಲ್ಲಿ ಹಿಡಿದ. ಹಡಗು ಹತ್ತಿದ ಮೇಲೆ ಮೊದಲ ಸಲ ಪೂರ್ತಿ ಉಸಿರು ಬಿಟ್ಟ.

"ಏನಪಾ, ಕರಾ ಮಾರಾಕ ಹೊಂಟೀಯೇನು? ಎಷ್ಟಕ್ಕ ಕೊಡ್ತಿ?"

ಬಕೀಟು ಹಿಡಿದು ಹಲಗೆ ತೊಳೆಯುತ್ತಿದ್ದ ಮುದಿ ಖಲಾಸಿ. ಇಲ್ಲಿ ಕನ್ನಡ ಕೇಳಿ ಮಲಗಿದ್ದ ಸಕ್ರವ್ವನೂ ಕಣ್ಣು ಬಿಟ್ಟಳು.

"ಯಾವೂರ್ರಿ ನಿಮ್ಮದು?"

"ನರಗುಂದ, ಯವ್ವಾ. ಮಲಿಕಸಾಬ ಅಂತ. ಸಣ್ಣಾಂವಿದ್ದಾಗ ಗುಡ್ಡದ ಮ್ಯಾಲ ಆಡು ಕಾಯ್ತಿದ್ದೆ. ಈಗ ಇಲ್ಲಿ ನಿಮ್ಮಂಥಾರ್ನ ಕಾಯ್ತೇನಿ. ಆಡು ಚಲೋ ಇದ್ದುವು, ಹೇಳಿದ್ದು ಕೇಳ್ತಿದ್ದುವು." ಹಗ್ಗವನ್ನು ಬೆರಳಿನಿಂದ ಎತ್ತಿ ನೋಡಿ ನಗು ನಿಲ್ಲಿಸಿದ. "ಹಡಗಿನ್ಯಾಗ ಕಟ್ಟಿರು, ಚಲೋನ ಆತು. ಆದ್ರ ವೆಂಗುರ್ಲ್ಯಾಗ ಹಡಗ ದಂಡಿಗೆ ಹೋಗೂದಿಲ್ಲ. ನೀರಾಗ ನಿಲ್ಲತೈತಿ, ಪಡಾವು ಬರ್ತಾವು, ಅದರಾಗ ಇಳೀಬೇಕು. ಇಳಿಯೂ ಹೊತ್ತಿಗೆ ಹಗ್ಗ ಇರಬಾರದು. ತಿಳೀತೇನು?"

ಇಸ್ಪೀಟಿನ ಗುಂಪಿನಿಂದ ಅರ್ಜುನಪ್ಪ ಕೂಗಿದ: "ಅವಗೇನ ತಿಳೀತೈತೋ ಸಾಬಣ್ಣ! ನಾಕನೇ ಇಯತ್ತೆದಾಗ ಮಾಸ್ತರಗ ಕಲ್ಲ ಒಗದು ಸಾಲಿ ಬಿಟ್ಟಾಂವ. ಹಗ್ಗಾ ಒಂದ ಗೊತ್ತು ಅವಗ. ಕುತ್ತಿಗಿಗೂ ಒಂದು ಕಟ್ಟಿ ಗಿಡಕ್ಕ ಬಿಗದ್ರ ಚಲೋ ಇತ್ತು!"

ಕನ್ನಡ ಬಾರದ ಇಸ್ಪೀಟಿನವರೂ ನಕ್ಕರು. ಮಲಿಕಸಾಬ ನಗಲಿಲ್ಲ, ಆದರೆ ಗವಿಸಿದ್ದಪ್ಪನಿಗೆ ಆಗ ಎಲ್ಲರ ಹಲ್ಲೂ ಒಂದೇ ತರ ಕಂಡವು. ಮಾಸ್ತರ ಹೊಡೆದದ್ದು ಯಾಕೆ, ಕಲ್ಲು ಒಗೆದದ್ದು ಯಾಕೆ ಎಂದು ಇವರು ಯಾವತ್ತಾದರೂ ಕೇಳಿದ್ದಾರೆಯೇ? ಅವನು ಎಲ್ಲರೂ ನೋಡುವಂತೆ ಕೂಸಿನ ಉಡದಾರದ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದ. ಎತ್ತು ಜಗ್ಗಿದಷ್ಟೂ ಬಿಗಿಯುವ ಗಂಟು ಅದು.

ಮರುದಿನ ಬೆಳಿಗ್ಗೆ ವೆಂಗುರ್ಲೆ ಕಂಡಿತು. ಹಡಗು ದಂಡೆಯಿಂದ ದೂರದಲ್ಲೇ ನಿಂತು ಲಂಗರು ಹಾಕಿತು. ಮಿರಗದ ಮಳೆ ಹತ್ತಿರ ಬಂದಿತ್ತು. ಮಳೆಗಾಲದ ಮುಂಚಿನ ಸಮುದ್ರ ಒಳಗೊಳಗೇ ಉಬ್ಬಿ ಏಳುತ್ತಿತ್ತು. ಹಡಗಿನ ಮಗ್ಗುಲಿಗೆ ಇಳಿಬಿಟ್ಟ ಏಣಿಮೆಟ್ಟಿಲ ಕೆಳಗೆ ದಂಡೆಯ ದೊಡ್ಡ ದೋಣಿ, ಪಡಾವು, ಬಂದು ನಿಂತಿತು. ನಿಂತಿತು ಎಂದರೆ ಸುಳ್ಳು. ಒಂದು ಗಳಿಗೆ ಮೆಟ್ಟಿಲ ಸಮಕ್ಕೆ ಏರುತ್ತಿತ್ತು, ಮರುಗಳಿಗೆ ಆಳೆತ್ತರ ಕೆಳಗೆ ಕುಸಿಯುತ್ತಿತ್ತು. ಏರಿದಾಗ ಅದರ ಅಂಚು ಹಡಗಿನ ತಗಡಿಗೆ ಬಡಿದು ಧಡಲ್ ಎನ್ನುತ್ತಿತ್ತು.

ಹಿಂದಿನಿಂದ ಜನ ನೂಕುತ್ತಿದ್ದರು. "ನಾ ಮೊದಲ ಇಳದು ಕೆಳಗ ಹಿಡಕೋತೇನಿ," ಎಂದ ಅರ್ಜುನಪ್ಪ ಟ್ರಂಕಿಗೆ ಕೈ ಹಾಕಿದ.

"ಟ್ರಂಕು ಸುಡ್ಲಿ! ಮಗಳ್ನ ಎತ್ಕೋರಿ," ಎಂದು ಸಕ್ರವ್ವ ಹುಚ್ಚವ್ವನನ್ನು ಅವನ ತೋಳಿಗೆ ದೂಡಿದಳು. ಅವನು ಇಳಿದ. ಪಡಾವು ಏರಿದಾಗ ಅಂಬಿಗನೊಬ್ಬ ಹುಚ್ಚವ್ವನನ್ನು ಕಸಿದುಕೊಂಡ, ಅರ್ಜುನಪ್ಪ ಅವಳ ಹಿಂದೆಯೇ ಧೊಪ್ಪನೆ ಬಿದ್ದ, ಪಡಾವು ಕುಸಿಯಿತು. ಕಣ್ಣು ಪಿಳುಕಿಸುವುದರೊಳಗೆ ಎಲ್ಲ ಮುಗಿದಿತ್ತು.

ಮೆಟ್ಟಿಲ ಮೇಲ್ತುದಿಯಲ್ಲಿ ಮಲಿಕಸಾಬ ನಿಂತಿದ್ದ. "ಪಡಾವ ಮ್ಯಾಲ ಬಂದಾಗ ಕೂಸಿನ್ನ ಕೊಡು. ಕೊಟ್ಟ ಮ್ಯಾಲ ಹಿಡೀಬ್ಯಾಡ. ಅರ್ಧಾ ಕೊಟ್ಟು ಅರ್ಧಾ ಹಿಡದ್ರ ಹ್ವಾದಂಗನ. ಹಗ್ಗ ಬಿಚ್ಚಿದೆಲ್ಲೋ?"

ಗವಿಸಿದ್ದಪ್ಪ ಆಗಲೇ ಅಂಗಿಯನ್ನು ಹಗ್ಗದ ಮೇಲೆ ಜಗ್ಗಿಕೊಂಡಿದ್ದ. ಕೂಸನ್ನು ದುಪ್ಪಟಿಯಲ್ಲಿ ಸುತ್ತಿದ್ದ. ಆ ಮೆಟ್ಟಿಲಿನಲ್ಲಿ ಕಾಲು ಜಾರಿದರೆ? ಕೈ ಸೋತರೆ? ಬಲೆ ಕಟ್ಟದವರ ಮಾತು ನಂಬಿ ಇದ್ದ ಒಂದು ಹಗ್ಗವನ್ನೂ ಬಿಚ್ಚಬೇಕೇ?

"ಹೂಂ," ಎಂದ.

ಮೆಟ್ಟಿಲು ಒದ್ದೆ. ಹಿಂದೆ ಸಕ್ರವ್ವ ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿದ್ದಳು. ಕೊನೆಯ ಹಲಗೆಯ ಮೇಲೆ ನಿಂತು ಗವಿಸಿದ್ದಪ್ಪ ಎಡಗೈಯಿಂದ ಮೆಟ್ಟಿಲ ಹಗ್ಗ ಹಿಡಿದ. ಪಡಾವು ಏರಿತು. ಉಪ್ಪುನೀರಿನಲ್ಲಿ ಬೆಂದ ಮುಖದ ಅಂಬಿಗ ಎದುರಿಗೇ ಬಂದ, ಕೂಸಿನ ಕಂಕುಳಿಗೆ ಎರಡೂ ಕೈ ಹಾಕಿದ. ಗವಿಸಿದ್ದಪ್ಪ ಕೊಟ್ಟ. ಪಡಾವು ಕುಸಿಯಿತು.

ಹಗ್ಗ ಸೊಂಟವನ್ನು ಕತ್ತರಿಸುವಂತೆ ಸೆಟೆಯಿತು. ಗವಿಸಿದ್ದಪ್ಪ ಮೊಣಕಾಲೂರಿ ಹಲಗೆಯ ಮೇಲೆ ಬಿದ್ದ. ದುಪ್ಪಟಿ ಜಾರಿತು. ಅಂಬಿಗನ ಕೈಯೊಳಗಿನ ಕೂಸು ಸೊಂಟದಿಂದ ಹಿಂದಕ್ಕೆ ಕಿತ್ತುಕೊಂಡು ಬಂದು, ಪಡಾವಿಗೂ ಹಡಗಿಗೂ ನಡುವೆ ಅಡ್ಡಡ್ಡ ನಿಂತಿತು. ಅಂಬಿಗ ಬಿಡಲಿಲ್ಲ. ಪಡಾವಿನ ಅಂಚಿನ ಮೇಲೆ ಹೊಟ್ಟೆ ಹಾಕಿ ಕೂಸಿನ ತೋಳುಗಳನ್ನು ಹಿಡಿದಿದ್ದ. ಕೆಳಗೆ ನೀರು. ಆ ನೀರು ಈಗ ಪಡಾವನ್ನು ಮತ್ತೆ ಎತ್ತಲಿತ್ತು.

ಗವಿಸಿದ್ದಪ್ಪ ತನ್ನ ಸೊಂಟದ ಗಂಟಿಗೆ ಕೈ ಹಾಕಿದ. ಒದ್ದೆಯಾದ ಪುಂಡಿ ಕಲ್ಲಾಗಿತ್ತು. ಎಳೆದ. ಎಳೆದಷ್ಟೂ ಆ ತುದಿಯ ಗಂಟು ಬಿಗಿಯಿತು. ಕೂಸಿನ ಅಳು ನಡುವೆಯೇ ನಿಂತಿತು.

ಅಂಬಿಗನ ಮಗ್ಗುಲಿಗಿದ್ದ ಮುದುಕ ಸೊಂಟದ ಚೂರಿ ತೆಗೆದ. ದಪ್ಪ ಹಗ್ಗದ ಗೊಡವೆಗೆ ಹೋಗದೆ ಸೀದಾ ಕರಿ ಉಡದಾರದ ಕೆಳಗೆ ಚೂರಿ ತೂರಿಸಿದ.

"ಬ್ಯಾಡ್ರೋ!" ಮೆಟ್ಟಿಲ ಮೇಲಿಂದ ಸಕ್ರವ್ವ ಚೀರಿದಳು. "ಉಡದಾರ ಹರೀಬ್ಯಾಡ್ರೋ! ನನ್ನ ಕೂಸು ಜೀವ ಐತ್ರೋ! ಹರೀಬ್ಯಾಡ್ರೋ ಯಪ್ಪಾ!"

ಮುದುಕ ತಲೆಯೆತ್ತಿ ತಾಯಿಯ ಮುಖ ನೋಡಿದ. ಅವನಿಗೆ ಕನ್ನಡ ತಿಳಿಯದು, ಆದರೆ ಉಡದಾರ ತಿಳಿಯುತ್ತದೆ. ಆ ಕರಾವಳಿಯಲ್ಲೂ ಅದನ್ನು ಹರಿಯುವುದು ಒಂದೇ ಸಲ. ಚೂರಿ ನಿಂತಿತು.

ಮಲಿಕಸಾಬ ಮೇಲೆ ಏನೋ ಕೂಗುತ್ತಿದ್ದ, ಸಕ್ರವ್ವ ದಾರಿಗೆ ಅಡ್ಡವಾಗಿ ನಿಂತಿದ್ದರಿಂದ ಇಳಿಯಲಾರ. ಗವಿಸಿದ್ದಪ್ಪ ಪಡಾವಿನಾಚೆ ನೋಡಿದ. ನೀರು ಗುಡ್ಡದಂತೆ ಎದ್ದು ಬರುತ್ತಿತ್ತು. ಅಕ್ಕನ ದನಿ ಬೆನ್ನಿಗೆ ಬಡಿಯುತ್ತಿತ್ತು. ಅವಳು ಹೇಳುವುದು ಸುಳ್ಳಲ್ಲ. ಅವಳಿಗೂ ಅವನಿಗೂ ಒಬ್ಬಳೇ ತಾಯಿ ಅದನ್ನು ಹೇಳಿಕೊಟ್ಟದ್ದು.

"ಹರಿ!" ಎಂದು ಕೂಗಿದ. ಮುದುಕ ಮಿಸುಕಲಿಲ್ಲ. ಗವಿಸಿದ್ದಪ್ಪ ತನ್ನ ಅಂಗಿ ಎತ್ತಿ, ತನ್ನ ಉಡದಾರ ತೋರಿಸಿ, ಅದರ ಮೇಲೆ ಬೆರಳನ್ನು ಚೂರಿಯಂತೆ ಎಳೆದ. "ಹರಿಯೋ ಮಾರಾಯಾ! ನಾ ಹೇಳ್ತೇನಿ, ಹರಿ! ಪಾಪ ನನಗ ಬರ್ಲಿ!"

"ಕಾಪ್! ಕಾಪ್ ರೇ!" ಕೊಯ್ಯಿ ಎಂದು ಮೇಲಿನಿಂದ ಮಲಿಕಸಾಬ ಮರಾಠಿಯಲ್ಲಿ ಅರಚಿದ.

ಚೂರಿ ಆಡಿತು. ಹಗ್ಗದ ತುದಿ ಛಟೀರನೆ ಹಾರಿ ಗವಿಸಿದ್ದಪ್ಪನ ಮುಖಕ್ಕೆ ಬಡಿಯಿತು. ಅಂಬಿಗ ಕೂಸನ್ನು ಎದೆಗವಚಿಕೊಂಡು ಅಂಗಾತ ಬಿದ್ದ. ಅವನ ಬೆನ್ನು ಹಲಗೆ ಮುಟ್ಟುವುದಕ್ಕೂ ಪಡಾವು ಏರಿ ಹಡಗಿಗೆ ಬಡಿಯುವುದಕ್ಕೂ ಸರಿಹೋಯಿತು. ಕೂಸು ಅಡ್ಡ ನಿಂತಿದ್ದ ಜಾಗದಲ್ಲಿ ಪಡಾವಿನ ಅಂಚಿನ ಕಟ್ಟಿಗೆ ಸಿಬಿರೆದ್ದಿತು.

ಪಡಾವಿನೊಳಗೆ ಎಲ್ಲರೂ ಬಗ್ಗಿ ನೋಡಿದರು. ಕೂಸು ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಅಂಬಿಗ ಬೆನ್ನು ತಟ್ಟಿದ. ಮತ್ತೆ ತಟ್ಟಿದ. ಆಮೇಲೆ ಶಿವನಪ್ಪ ಹಡಗಿನ ಮೇಲಿನ ಮಾಳಿಗೆಗೂ ಕೇಳುವಂತೆ ಅತ್ತ.

ಸಕ್ರವ್ವ ತಮ್ಮನನ್ನು ದಾಟಿ ಹೋದಳು. ಅವನು ಅಲ್ಲಿದ್ದಾನೆ ಎಂಬಂತೆಯೂ ನೋಡಲಿಲ್ಲ. ಪಡಾವು ಏರಿದಾಗ ಇಟ್ಟ ಹೆಜ್ಜೆ ಸರಿಯಾಗಿ ಬಿತ್ತು. ಕೂಸನ್ನು ಕಸಿದುಕೊಂಡು, ಸೀರೆಯ ಅಂಚನ್ನು ಹಲ್ಲಿನಿಂದ ಸೀಳಿ, ಆ ಪಟ್ಟಿಯನ್ನು ಕೂಸಿನ ಸೊಂಟಕ್ಕೆ ಕಟ್ಟತೊಡಗಿದಳು. ಸೊಂಟದ ಸುತ್ತ ರಕ್ತ ಜಿನುಗುತ್ತಿತ್ತು. ಅವಳ ಬೆರಳಿಗೆ ಗಂಟು ಸಿಗಲೊಲ್ಲದು.

ಮಲಿಕಸಾಬ ಇಳಿದು ಬಂದು ಗವಿಸಿದ್ದಪ್ಪನ ಹಿಂದೆ ನಿಂತ. ಸೊಂಟದಿಂದ ಜೋಲುತ್ತಿದ್ದ ಹಗ್ಗ ನೋಡಿದ.

"ಬಿಚ್ಚೇನಿ ಅಂದ್ಯಲ್ಲೋ ತಮ್ಮಾ."

ಗವಿಸಿದ್ದಪ್ಪನಿಗೆ ಯಾರ ಮೇಲಾದರೂ ಹರಿಹಾಯಬೇಕಾಗಿತ್ತು. ಈ ಮುದಿ ಖಲಾಸಿಯ ಮೇಲೆ, ಬಲೆಯ ಮೇಲೆ, ಟೋಪಿಗಳ ಮೇಲೆ. ಪಡಾವು ಏರಿತು, ಅಂಬಿಗ ಕೈ ಚಾಚಿದ, ಇವನ ಎಡಗೈ ಮೆಟ್ಟಿಲ ಹಗ್ಗವನ್ನು ಬಿಡಲಿಲ್ಲ. ಪಡಾವು ಕುಸಿಯಿತು. ಎರಡನೆಯ ಸಲ ಮಲಿಕಸಾಬ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪಡಾವಿನೊಳಕ್ಕೆ ದೂಡಿದ.

"ನೋಡಿದೇನ ಸಕ್ರಿ, ನಿನ್ನ ತಮ್ಮನ ಶಾಣೇತನಾ!" ಪಡಾವು ಹಡಗು ಬಿಟ್ಟು ಸರಿದ ಕೂಡಲೇ ಅರ್ಜುನಪ್ಪನಿಗೆ ದನಿ ಬಂದಿತ್ತು. "ಕೂಸಿನ್ನ ಕೊಂದಿದ್ದಾ ಮಗಾ! ನಾ ನಿನ್ನೆನ ಹೇಳಿದ್ದೆ!"

ಗವಿಸಿದ್ದಪ್ಪ ಎದ್ದ. ಬಲಗೈ ತಾನಾಗಿಯೇ ಮುಷ್ಟಿಯಾಯಿತು.

"ಹರಿ ಅಂದಾವ ನೀನ ಏನೋ?" ಸಕ್ರವ್ವ ಕೂಸಿನಿಂದ ಕಣ್ಣು ಎತ್ತದೆ ಕೇಳಿದಳು.

"ನಾನ."

"ಗಂಟ ಹಾಕಿದಾವನೂ?"

"ನಾನ ಅಕ್ಕಾ."

ಅವಳು ಇನ್ನೇನು ಹೇಳುತ್ತಿದ್ದಳೋ, ಪಡಾವು ಒಂದು ಮಗ್ಗುಲಿಗೆ ವಾಲಿತು. ಅಪ್ಪನ ಮಾತು ಕೇಳುತ್ತ ಒಬ್ಬಳೇ ನಿಂತಿದ್ದ ಹುಚ್ಚವ್ವ ಒದ್ದೆ ಹಲಗೆಯ ಮೇಲೆ ಅಂಚಿನತ್ತ ಜಾರಿದಳು. ಗವಿಸಿದ್ದಪ್ಪನ ಮುಷ್ಟಿ ಬಿಚ್ಚಿತು. ಎರಡೂ ಕೈಯಿಂದ ಅವಳ ರಟ್ಟೆ ಹಿಡಿದು ಎಳೆದುಕೊಂಡ, ಪಡಾವಿನ ತಳದ ನೀರಿನಲ್ಲೇ ಕುಳಿತ, ಅವಳನ್ನು ಎರಡು ಮೊಣಕಾಲ ನಡುವೆ ಒತ್ತಿ ಇಟ್ಟುಕೊಂಡ.

"ಮಾಮಾ, ನೋಯ್ತೈತಿ," ಎಂದಳು.

ಸ್ವಲ್ಪ ಸಡಿಲಿಸಿದ. ಅರ್ಜುನಪ್ಪ ಇನ್ನೂ ಬೈಯುತ್ತಿದ್ದ. ಗವಿಸಿದ್ದಪ್ಪ ಅವನ ಮುಖ ನೋಡಲಿಲ್ಲ. ದಂಡೆ ಇನ್ನೂ ದೂರವಿತ್ತು, ಬಲಗಡೆಯಿಂದ ಮತ್ತೊಂದು ತೆರೆ ಏಳುತ್ತಿತ್ತು.